ಹ್ಯಾರಿಯೆಟ್ ಹಡಗಿನ ಅಡುಗೆಮನೆ ಬಾಗಿಲು

ಸುಪೀರಿಯರ್ ಸರೋವರದಲ್ಲಿ ನೂರಿಪ್ಪತ್ತು ಅಡಿ ಆಳದಲ್ಲಿ ಮಲಗಿರುವ ‘ಹ್ಯಾರಿಯೆಟ್’ ಹಡಗಿನ ಒಂದು ಬಾಗಿಲನ್ನು ನೋಡಿ ಬರಬೇಕು. ಲೆಂಪಿ ಹೊರಟಿದ್ದು ಇಷ್ಟಕ್ಕೇ.

ಹಿಮಗಾಳಿಗೆ ಹಡಗು ಮುಳುಗಿದಾಗ ದಡ ಸೇರಿದವನು ಅವಳ ತಾತ ಉರ್ಹೋ ಒಬ್ಬನೇ. ಅಲ್ಲೇ ಸಾಯುವ ಮುಂಚೆ ಅವನು ಆಡಿದ್ದು ಒಂದೇ ಮಾತು: “ಅಡುಗೆಮನೆ ಬಾಗಿಲಿಗೆ ನಾನೇ ಕೊಂಡಿ ಹಾಕಿದೆ.” ಊರಿಗೆ ಅಷ್ಟು ಸಾಕಾಯಿತು. ಅಡುಗೆಯವನನ್ನು ಒಳಗೆ ಕೂಡಿಹಾಕಿ ತಾನು ದೋಣಿ ಹತ್ತಿದ ಪಾಪಿ ಎಂದು ತೀರ್ಮಾನವಾಯಿತು. ಅಡುಗೆಯವ ಇಂದಿಗೂ ಬಾಗಿಲು ಬಡಿಯುತ್ತಾನಂತೆ. ಆ ಸದ್ದು ಕೇಳಿದ ಮುಳುಗುಗಾರರೆಲ್ಲ ಬಾಗಿಲು ತಲುಪುವ ಮೊದಲೇ ಕಾಲಿಗೆ ಬುದ್ಧಿ ಹೇಳಿದ್ದರು. ತಾತನ ಹೆಸರಿಗಂಟಿದ ಈ ಮಸಿ ಐವತ್ತು ದಾಟಿದ ಲೆಂಪಿಯನ್ನು ಇನ್ನೂ ಸುಡುತ್ತಿತ್ತು.

ಅಡುಗೆಯವನ ಮೊಮ್ಮಗಳು ಹಿಲ್ಯಾ ತಾನೂ ದೋಣಿ ಹತ್ತಿದಳು.

“ನೀನೊಬ್ಬಳೇ ನೋಡ್ಕೊಂಡು ಬಂದು ಹೇಳಿದ್ರೆ ನಾನು ನಂಬಬೇಕಾ?”

“ಬಾರೇ ತಾಯಿ. ನಿಮ್ಮ ತಾತ ಬಾಗಿಲು ತೆಗಿ ಅಂದ್ರೆ ನೀನೇ ಉತ್ತರ ಕೊಡು.”

ದೋಣಿ ನಡೆಸುತ್ತಿದ್ದ ಓಜಿಬ್ವೆ ಬುಡಕಟ್ಟಿನ ಮುದುಕ ಕ್ಲೀಟಸ್ ಒಂದು ಚಿಟಿಕೆ ಹೊಗೆಸೊಪ್ಪನ್ನು ನೀರಿಗೆ ಬಿಟ್ಟ. “ಸರೋವರಕ್ಕೆ ಕೊಡೋದು ಕೊಟ್ಟಾಯ್ತು. ಜಗಳ ಇಲ್ಲೇ ಮುಗಿಸಿ ಇಳೀರಿ. ಕೆಳಗೆ ಹದಿನೈದು ನಿಮಿಷ, ಅಷ್ಟೇ.”

ಹಗ್ಗ ಹಿಡಿದು ಇಳಿದಂತೆ ಬೆಳಕು ಹಸಿರಾಯಿತು, ಆಮೇಲೆ ಬೂದುಬಣ್ಣಕ್ಕೆ ತಿರುಗಿತು. ಚಳಿ ತುಟಿಯನ್ನು ಕಚ್ಚಿತು. ಆ ಕೊರೆಯುವ ಸಿಹಿನೀರು ಹಡಗನ್ನು ಉಪ್ಪಿನಕಾಯಿಯಂತೆ ಕೆಡದೆ ಇಟ್ಟಿತ್ತು. ಕಟಕಟೆಯ ಬಿಳಿ ಬಣ್ಣವೂ ಮಾಸಿರಲಿಲ್ಲ. ಇಬ್ಬರೂ ಕಿರಿದಾದ ಓಣಿಯೊಳಗೆ ನುಸುಳಿದರು.

ಟಕ್. ಟಕ್ ಟಕ್.

ಹಿಲ್ಯಾ ಲೆಂಪಿಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು. ಲೆಂಪಿ ದೀಪವನ್ನು ಮೇಲಕ್ಕೆತ್ತಿದಳು.

ಅವರದೇ ಉಸಿರಿನ ಗುಳ್ಳೆಗಳು ಸೂರಿನುದ್ದಕ್ಕೂ ಹರಿದು, ಅಡುಗೆಮನೆಯಲ್ಲಿ ತೂಗುಬಿದ್ದಿದ್ದ ಬಾಣಲೆಯನ್ನು ಗೋಡೆಗೆ ಬಡಿಯುತ್ತಿದ್ದವು. ಹಿಂದೆ ಇಲ್ಲಿಗಿಳಿದು ಹೆದರಿ ಏದುಸಿರು ಬಿಟ್ಟವರಿಗೆ ದೆವ್ವ ಇನ್ನಷ್ಟು ಜೋರಾಗಿ ಬಡಿದಿರಬೇಕು. ಮುಖವಾಡದೊಳಗೆ ಹಿಲ್ಯಾ ನಗುತ್ತಿದ್ದುದು ಕಾಣಿಸಿತು.

ಆಮೇಲೆ ಬಾಗಿಲು ಕಂಡಿತು. ಅದು ಪೂರ್ತಿ ತೆರೆದಿತ್ತು. ಕೊಂಡಿ ಹಾಕಿತ್ತು ನಿಜ, ಆದರೆ ಹಿಂದಿನ ಗೋಡೆಯ ಕಬ್ಬಿಣದ ಬಳೆಗೆ. ಹೊಯ್ದಾಡುವ ಹಡಗಿನಲ್ಲಿ ಬಾಗಿಲು ತಾನಾಗಿ ಮುಚ್ಚಿಕೊಂಡು ಒಳಗಿದ್ದವನು ಸಿಕ್ಕಿಬೀಳದಿರಲಿ ಎಂದು ಉರ್ಹೋ ಅದನ್ನು ತೆರೆದೇ ಬಿಗಿದಿದ್ದ.

ಲೆಂಪಿಗೆ ಅಳು ಉಕ್ಕಿ ಬಂತು. ಬಿಕ್ಕುತ್ತಾ ಜೋರಾಗಿ ಉಸಿರೆಳೆದಳು. ಆ ಚಳಿಯಲ್ಲಿ ಮಾಡಬಾರದ ತಪ್ಪು ಅದೇ.

ಉಸಿರುನಳಿಕೆಯ ಕವಾಟ ಹೆಪ್ಪುಗಟ್ಟಿತು. ಗಾಳಿ ಭುಸ್ಸೆಂದು ನುಗ್ಗಿ ಸೋರತೊಡಗಿತು. ಗಾಳಿಯ ಮಾಪಕದ ಮುಳ್ಳು ಸರ್ರನೆ ಇಳಿಯಿತು.

ಹಿಲ್ಯಾ ತನ್ನ ಸಿಲಿಂಡರಿಗಿದ್ದ ಇನ್ನೊಂದು ನಳಿಕೆಯನ್ನು ಅವಳ ಬಾಯಿಗೆ ತುರುಕಿದಳು, ಸೊಂಟದ ಪಟ್ಟಿ ಹಿಡಿದು ಹೊರಗೆಳೆದಳು. ಒಮ್ಮೆಲೇ ಮೇಲೇರಿದರೆ ಜೀವಕ್ಕೆ ಅಪಾಯವೆಂದು ಹಗ್ಗ ಹಿಡಿದು ದಾರಿಯಲ್ಲಿ ಎರಡು ಕಡೆ ತಡೆದು, ಒಂದೇ ಸಿಲಿಂಡರಿನ ಗಾಳಿ ಹಂಚಿಕೊಂಡು, ಹಲ್ಲು ಕಟಕಟಿಸುತ್ತಾ ಮೇಲೆ ಬಂದರು. ಕ್ಲೀಟಸ್ ಇಬ್ಬರನ್ನೂ ದೋಣಿಗೆ ಎಳೆದುಕೊಂಡ.

“ಒಂದೇ ಸಿಲಿಂಡರಿಗೆ ಜೋತುಬಿದ್ದಿದ್ದೀರಿ. ಜಗಳ ಮುಗೀತು ಅನ್ನಿ,” ಎಂದ.

ದಡದಲ್ಲಿ ಊರೇ ನೆರೆದಿತ್ತು. “ಬಾಗಿಲು ಬಡೀತಾ?” ಯಾರೋ ಕೇಳಿದರು.

ಲೆಂಪಿಯ ತುಟಿ ಮರಗಟ್ಟಿತ್ತು. ಉತ್ತರ ಕೊಟ್ಟವಳು ಹಿಲ್ಯಾ.

“ಬಡಿದದ್ದು ಬಾಣಲೆ. ಬಾಗಿಲು ತೆರೆದೇ ಇದೆ. ನಮ್ಮ ತಾತ ಹೊರಗೆ ಬರ್ಲಿ ಅಂತ ಇವಳ ತಾತ ಅದನ್ನ ಗೋಡೆಗೆ ಕೊಂಡಿ ಹಾಕಿಟ್ಟಿದ್ದ. ಕಣ್ಣಾರೆ ನೋಡಿ ಬಂದೆ.”

ಹಿಲ್ಯಾ ಲೆಂಪಿಯ ಸಿಲಿಂಡರನ್ನೂ ತನ್ನ ಹೆಗಲಿಗೇರಿಸಿಕೊಂಡು ಮುಂದೆ ನಡೆದಳು.

“ದಾರಿ ಬಿಡಿ, ಉರ್ಹೋ ಮೊಮ್ಮಗಳು ಬರ್ತಿದ್ದಾಳೆ.”