ಮಂಚದ ಕಾಲಿಗೊಂದು ಕಲ್ಲು

ಪಿಸ್ತೂಲಿನ ನಳಿಕೆ ನನ್ನ ಮೂಗಿನಿಂದ ಒಂದೇ ಗೇಣು ದೂರದಲ್ಲಿತ್ತು!

ಅದು ನಡುಗುತ್ತಿತ್ತು. ಹಿಡಿದವನಿಗೆ ಉಸಿರು ಸಿಗುತ್ತಿರಲಿಲ್ಲ.

ನನಗೂ ಸಿಗುತ್ತಿರಲಿಲ್ಲ.

"ಕೈ... ಮೇಲೆ..." ಎಂದ.

"ಒಂದ್ ನಿಮಿಷ... ತಡಿಯಪ್ಪಾ..." ಎಂದೆ.

"ಸರಿ... ಬೇಗ..." ಎಂದು ಬಂಡೆಗೆ ಒರಗಿದ.

ಕೈ ಎತ್ತಲು ನನ್ನ ಅಭ್ಯಂತರವೇನೂ ಇರಲಿಲ್ಲ. ಎತ್ತಿದ ಕೈಯನ್ನು ಮೇಲೇ ಇಟ್ಟುಕೊಳ್ಳುವ ತ್ರಾಣ ಇರಲಿಲ್ಲ, ಅಷ್ಟೆ. ಹದಿನಾಲ್ಕು ಸಾವಿರ ಅಡಿ ಎತ್ತರ. ಎಡಕ್ಕೆ ಗೋಡೆಯಂತೆ ನಿಂತ ಬೆಟ್ಟ. ಬಲಕ್ಕೆ ಹಿಮ ತುಂಬಿದ ಕೊರಕಲು. ನಡುವೆ ಎರಡಡಿ ಅಗಲದ ಕಾಲುದಾರಿ. ಅದರ ಮೇಲೆ ನಲವತ್ತೊಂಬತ್ತು ವರ್ಷದ, ಎಡ ಮೊಣಕಾಲು ಕೈಕೊಟ್ಟ ಒಬ್ಬ ಪ್ರೈವೇಟ್ ಡಿಟೆಕ್ಟಿವ್. ಅಂದರೆ ನಾನು!

ನಗಬೇಡಿ. ಅಲ್ಲಿಗೆ ಹೇಗೆ ಹೋದೆ ಅಂತ ಮೊದಲು ಕೇಳಿ. ಆಮೇಲೆ ಹೊಟ್ಟೆ ತುಂಬಾ ನಗುವಿರಂತೆ.

ನನ್ನ ಆಫೀಸು ಮೂರನೇ ಮಹಡಿಯಲ್ಲಿದೆ. ಕೆಳಗೆ ಹೊಲಿಗೆ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರು, ಅವರ ತಲೆಯ ಮೇಲೆ ನಾನು. ಲಿಫ್ಟ್ ಕೆಟ್ಟು ಆರು ವರ್ಷವಾಯಿತು. ಹತ್ತುವಾಗ ಡಾಕ್ಟರ ಬೆಂಚಿನ ಮೇಲೆ ಐದು ನಿಮಿಷ ಕೂರುವುದು ನನ್ನ ವಾಡಿಕೆ. ಕಾಂಪೌಂಡರ್ ನನ್ನನ್ನು ಖಾಯಂ ಪೇಷೆಂಟ್ ಅಂದುಕೊಂಡಿದ್ದಾನೆ.

ಮಂಗಳವಾರ ಬೆಳಿಗ್ಗೆ ಆ ಮೆಟ್ಟಿಲುಗಳನ್ನು ಎಂಟು ತಿಂಗಳ ಬಸುರಿಯೊಬ್ಬಳು ಎಲ್ಲೂ ಕೂರದೆ ಹತ್ತಿ ಬಂದಳು. ನಾನಿನ್ನೂ ಬೆಂಚಿನ ಮೇಲಿದ್ದೆ!

"ಅಣ್ಣಾ, ನಮ್ಮನೆಯವರು ಆ ಸ್ವಿಚ್ ಹಾಕಿಲ್ಲ," ಎಂದಳು. ನಮಸ್ಕಾರವೂ ಇಲ್ಲ, ಪೀಠಿಕೆಯೂ ಇಲ್ಲ.

ಅವಳ ಗಂಡ ಎಲೆಕ್ಟ್ರಿಷಿಯನ್. ಕಟ್ಟುತ್ತಿದ್ದ ದೊಡ್ಡ ಬಿಲ್ಡಿಂಗ್ ಒಂದರಲ್ಲಿ ಕೆಲಸ. ಒಬ್ಬ ಕೂಲಿಯವನು ವೈರ್ ಹಿಡಿದಿದ್ದಾಗ ಯಾರೋ ಮೇನ್ ಸ್ವಿಚ್ ಹಾಕಿದರು. ಕೂಲಿಯವನು ಅಲ್ಲೇ ಸತ್ತ. ಸ್ವಿಚ್ ಹಾಕಿದ್ದು ಮಾಲೀಕನ ಭಾವಮೈದುನ. ಜೈಲಿಗೆ ಹೋದದ್ದು ಈ ಎಲೆಕ್ಟ್ರಿಷಿಯನ್. ನಿಜ ಕಂಡವನು ಒಬ್ಬನೇ. ಎಂಬತ್ತಡಿ ಎತ್ತರದ ಕ್ಯಾಬಿನ್‌ನಲ್ಲಿ ಕೂತಿದ್ದ ಕ್ರೇನ್ ಆಪರೇಟರ್. ಅವನಿಗೆ ಬೆದರಿಕೆ ಬಂತು, ಊರು ಬಿಟ್ಟ.

"ಆ ಕ್ರೇನ್‌ನವರು ಹೋದ ವಾರ ಫೋನ್ ಮಾಡಿದ್ರು ಅಣ್ಣಾ. 'ತಂಗೀ, ನನ್ನ ಕ್ಷಮಿಸಿಬಿಡು' ಅಂದ್ರು. ಕಟ್ ಮಾಡಿದ್ರು. ಆ ನಂಬರು ಯಾವುದೋ ಬೆಟ್ಟದ ಮೇಲಿನ ತಂಗುಮನೆದು. ಸೋಮವಾರ ಹನ್ನೊಂದು ಗಂಟೆಗೆ ಸಾಕ್ಷಿ ಹೇಳೋಕೆ ಕೊನೇ ಅವಕಾಶ. ಅವರು ಬರದಿದ್ರೆ ನಮ್ಮನೆಯವರಿಗೆ ಹತ್ತು ವರ್ಷ ಗ್ಯಾರಂಟಿ ಅಂದ್ರು ಲಾಯರು." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಅಪ್ಪ ಬರೋ ಹೊತ್ತಿಗೆ ಇದು ನಾಲ್ಕನೇ ಕ್ಲಾಸಲ್ಲಿರುತ್ತೆ."

ಅಯ್ಯೋ ಅನ್ನಿಸಿದಾಗ ನನ್ನ ಬಾಯಿ ದೊಡ್ಡದಾಗುತ್ತದೆ.

"ಬೆಟ್ಟ ತಾನೇ ತಂಗೀ! ಹತ್ತಿ, ಕಿವಿ ಹಿಡಿದು ಇಳಿಸ್ಕೊಂಡು ಬರ್ತೀನಿ!"

ಮನೆಯಲ್ಲಿ ಹೆಂಡತಿ ಬ್ಯಾಗಿಗೆ ಮೊಣಕಾಲಿನ ಮುಲಾಮು ಹಾಕುತ್ತಾ, "ಅಲ್ಲಿ ಹಲ್ಲಿನ ಡಾಕ್ಟರ ಬೆಂಚು ಇರಲ್ಲ, ನೆನಪಿರ್ಲಿ," ಎಂದಳು.

ಎರಡು ಬಸ್ಸು, ಒಂದು ಜೀಪು. ಜೀಪಿನ ದಾರಿ ಮುಗಿದಲ್ಲಿ ಹೇಸರಗತ್ತೆ. ಅದರ ಯಜಮಾನ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಹೇಸರಗತ್ತೆಯ ಕುತ್ತಿಗೆ ಸವರಿ, "ಒಂದೇ ದಿನ ತಡ್ಕೊಳಮ್ಮಾ," ಎಂದ.

ಗುರುವಾರ ಸಂಜೆ ತಂಗುಮನೆ ಮುಟ್ಟಿದೆ. ಕಲ್ಲಿನ ಗೋಡೆ, ತಗಡಿನ ಮಾಡು, ಎರಡು ಕೋಣೆ. ಬಾಗಿಲ ಹೊರಗೆ ಬಿಂದಿಗೆ ಗಾತ್ರದ ಗಂಟೆ. ನರಪಿಳ್ಳೆಯೂ ಇರಲಿಲ್ಲ. ಒಳಗೆ ಹೋಗಿ ಮಂಚದ ಮೇಲೆ ಬಿದ್ದೆ.

ಟಕ್!

ಮಗ್ಗುಲಾದೆ. ಟಕ್! ಮಂಚದ ಒಂದು ಕಾಲು ಗಿಡ್ಡ. ಸುತ್ತ ನೋಡಿದೆ. ಕಿಟಕಿಯ ಹಲಗೆಯ ಮೇಲೆ ಅಂಗೈಯಗಲದ ಚಪ್ಪಟೆ ಕಲ್ಲೊಂದಿತ್ತು. ತೆಗೆದು ಮಂಚದ ಕಾಲಡಿ ಇಟ್ಟೆ. ಹೇಳಿ ಮಾಡಿಸಿದ ಹಾಗೆ ಕೂತಿತು! ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಪಾದ ಊದಿ ಶೂ ಬಿಚ್ಚಲು ಬರಲಿಲ್ಲ. ಹಾಗೇ ಮಲಗಿ ಹೆಣದಂತೆ ನಿದ್ದೆ ಹೋದೆ.

ಬೆಳಿಗ್ಗೆ ಒಬ್ಬ ಅಜ್ಜಿ ಟೀ ತಂದುಕೊಟ್ಟಳು. ತಂಗುಮನೆ ನೋಡಿಕೊಳ್ಳುವವಳು. ಎಪ್ಪತ್ತು ದಾಟಿರಬೇಕು. ನಡಿಗೆ ಮಾತ್ರ ಇಪ್ಪತ್ತರದ್ದು.

"ಅಜ್ಜೀ, ಇಲ್ಲಿ ಒಬ್ಬ ಕ್ರೇನ್ ಆಪರೇಟರ್..."

"ಕ್ರೇನಪ್ಪನಾ? ನಿನ್ನೆ ಮೇಲಿನ ತೂಗುಸೇತುವೆಗೆ ಹೋಗಿದ್ದ, ಬೋಲ್ಟ್ ಬಿಗಿ ಮಾಡೋಕೆ. ಸಂಜೆ ಇಳಿದಿದ್ದಾನೆ."

"ನೀವು ನೋಡಿದ್ರಾ?"

"ನೋಡೋದೇನು? ಕಲ್ಲು ತೆಗೆದಿದ್ದಾನಲ್ಲ! ಹೊಸಬರನ್ನ ಕಂಡ್ರೆ ಅವನಿಗೆ ಹೆದರಿಕೆ. ನಿನ್ನ ನೋಡಿ ಕೆಳಗಿನ ಹಟ್ಟಿಗೆ ಓಡಿರ್ತಾನೆ."

"ಯಾವ ಕಲ್ಲು?"

ಅಜ್ಜಿ ಕಿಟಕಿ ತೋರಿಸಿದಳು. "ಮೇಲೆ ಹೋಗೋರು ಆ ಹಲಗೆ ಮೇಲೆ ಒಂದು ಕಲ್ಲಿಟ್ಟು ಹೋಗ್ಬೇಕು. ಇಳಿದು ಬಂದು ಅವರ ಕಲ್ಲು ಅವರೇ ತೆಗೀಬೇಕು. ಕತ್ತಲಾಗೋ ಹೊತ್ತಿಗೆ ಕಲ್ಲು ಇನ್ನೂ ಇದ್ರೆ ಗಂಟೆ ಹೊಡೀತೀನಿ. ಹಟ್ಟಿಯವರು ಹುಡುಕೋಕೆ ಹೊರಡ್ತಾರೆ. ನಮ್ಮ ಯಜಮಾನರು ಹೋದ ಮೇಲೆ ನಾನೇ ಶುರು ಮಾಡಿದ್ದು. ಮೂರು ದಿನ ಮೇಲೆ ಬಿದ್ದಿದ್ರು ಕಣಪ್ಪಾ. ಯಾರಿಗೂ ಗೊತ್ತೇ ಆಗಲಿಲ್ಲ."

ಟೀ ಲೋಟ ಕೆಳಗಿಟ್ಟೆ.

ಇಪ್ಪತ್ತಾರು ವರ್ಷದ ಸರ್ವೀಸು. ಎಷ್ಟೆಷ್ಟೋ ಸುಳಿವು ಹಿಡಿದಿದ್ದೇನೆ. ಇಡೀ ಕೇಸಿನ ಒಂದೇ ಸುಳಿವನ್ನು ಮಂಚದ ಕಾಲಡಿ ಇಟ್ಟು ಗೊರಕೆ ಹೊಡೆದಿದ್ದೆ!

ಹೇಳದೆ ಜಾರಿಕೊಳ್ಳುವ ಯೋಚನೆ ಬರಲಿಲ್ಲ ಅಂತ ಸುಳ್ಳು ಹೇಳಲಾರೆ. ಬಂತು. ಅಜ್ಜಿಯ ಮುಖ ನೋಡಿದೆ. ಆಮೇಲೆ ಬಗ್ಗಿ ಮಂಚದಡಿ ಕೈಯಿಟ್ಟೆ.

"ಅಜ್ಜೀ... ಅವನು ತೆಗೆದಿಲ್ಲ. ನಾನು ತೆಗೆದೆ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅಜ್ಜಿ ಕಲ್ಲನ್ನು ಇಸಿದುಕೊಂಡಳು, ಬಟ್ಟೆಯಲ್ಲಿ ಒರೆಸಿದಳು, ಹಲಗೆಯ ಮೇಲಿಟ್ಟಳು. ಹೊರಗೆ ಹೋಗಿ ಗಂಟೆ ಬಾರಿಸತೊಡಗಿದಳು. ನಾನು ಗೋಡೆ ನೋಡುತ್ತಾ ನಿಂತೆ.

"ಹಟ್ಟಿಯವರು ಬರೋಕೆ ಎರಡು ಗಂಟೆ ಬೇಕು," ಎಂದಳು. "ನಿಂದೂ ಒಂದು ಕಲ್ಲಿಟ್ಟು ಈಗ್ಲೇ ಹೊರಡು. ನಿನ್ನ ನಡಿಗೆಗೆ ಅವರು ದಾರೀಲೇ ಸಿಗ್ತಾರೆ."

ಕಲ್ಲಿಟ್ಟೆ. ಹೊರಟೆ.

ನೂರು ಹೆಜ್ಜೆ ಹೋಗಿರಲಿಲ್ಲ, ಕೆಳಗೆ ಗಲಾಟೆ! ತಿರುಗಿ ನೋಡಿದೆ. ಬೂದುಬಣ್ಣದ ಉದ್ದ ಕೋಟಿನ ದಢಿಯನೊಬ್ಬ ಹೇಸರಗತ್ತೆಯಿಂದ ಇಳಿಯುತ್ತಿದ್ದ. ಇವನನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೆ. ಜೀಪಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ. ಪಾಪ, ಮಾತಾಡದ ಮನುಷ್ಯ ಅಂದುಕೊಂಡಿದ್ದೆ! ಈಗ ಹೊಳೆಯಿತು, ಮಾಲೀಕನ ಭಾವಮೈದುನನ ಕಡೆಯವನು. ಸಾಕ್ಷಿ ಎಲ್ಲಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಕೈಹಿಡಿದು ಕರೆತಂದದ್ದು ನಾನೇ.

"ಮೇಲೆ ಹೋಗೋರು ಕಲ್ಲಿಡಬೇಕಪ್ಪಾ," ಎಂದಳು ಅಜ್ಜಿ.

"ಲೇ ಮುದುಕೀ, ನನಗೇ ರೂಲ್ಸಾ?" ಎಂದು ಕೋಟು ದಾಪುಗಾಲಿಟ್ಟ.

ಸಿನಿಮಾದಲ್ಲಿ ಚೇಸ್ ನೋಡಿದ್ದೀರಲ್ಲ? ಇದು ಹಾಗಲ್ಲ. ನಾನು ಹತ್ತು ಹೆಜ್ಜೆ ಇಟ್ಟು ಕೂತೆ. ಅವನು ಹತ್ತು ಹೆಜ್ಜೆ ಓಡಿ ಕೂತ.

"ಲೇ! ನಿಲ್ಲೋ!"

"ಕೂತಿದ್ದೀನಲ್ಲೋ!"

"ಹಾಗಾದ್ರೆ... ಅಲ್ಲೇ... ಕೂತಿರು!"

ಅವನು ಎದ್ದರೆ ನಾನು ಏಳುತ್ತಿದ್ದೆ. ನಾನು ಕೂತರೆ ಅವನೂ ಕೂರುತ್ತಿದ್ದ. ಒಂದೂವರೆ ಗಂಟೆ ಇದೇ ನಡೆಯಿತು. ಪಕ್ಕದ ಹುಲ್ಲುಗಾವಲಿನಿಂದ ಹುಲ್ಲಿನ ಹೊರೆ ಹೊತ್ತು ಇಳಿಯುತ್ತಿದ್ದ ಕುರಿಗಾಹಿ ಹೆಂಗಸೊಬ್ಬಳು ನಿಂತು ಇಬ್ಬರನ್ನೂ ನೋಡಿದಳು.

"ಒಟ್ಟಿಗೆ ಬಂದೋರಾ? ಮುನಿಸ್ಕೊಂಡಿದ್ದೀರಾ? ಮಾತಾಡ್ಕೊಂಡು ನಡೀರಪ್ಪಾ, ದಾರಿ ಸಾಗುತ್ತೆ."

ಕೊನೆಗೆ ನನ್ನ ಮೊಣಕಾಲೇ ಕೈಕೊಟ್ಟಿತು. ಮೊದಲೇ ಹೇಳಿದೆನಲ್ಲ, ಪಿಸ್ತೂಲು, ಮೂಗು, ಒಂದು ಗೇಣು. ಅಲ್ಲಿಗೆ ಬಂದೆವು.

"ಎಲ್ಲೋ... ಅವನು?" ಎಂದ ಕೋಟು.

"ಗೊತ್ತಿದ್ರೆ... ನಾನ್ಯಾಕೋ... ಹತ್ತುತ್ತಿದ್ದೆ?"

ಆಗ ಕೇಳಿಸಿತು. ಮುಂದಿನ ತಿರುವಿನಾಚೆಯಿಂದ, ಸೋತ ದನಿ.

"ಯಾರಾದ್ರೂ ಇದ್ದೀರಾ...? ಇಲ್ಲೀ..."

ಕೋಟಿನ ಕಣ್ಣು ಅರಳಿತು. ನನ್ನನ್ನು ಬದಿಗೆ ತಳ್ಳಿ ಓಡಿದ. ಆ ಎತ್ತರದಲ್ಲಿ, ಓಡಿದ! ಮೂರೇ ಹೆಜ್ಜೆ. ಕಣ್ಣು ಮೇಲಕ್ಕೆ ಹೋಯಿತು, ಮೊಣಕಾಲು ಮಡಚಿಕೊಂಡಿತು. ಪಿಸ್ತೂಲು ದಾರಿಗೆ ಬಿತ್ತು. ಅವನು ಬಲಕ್ಕೆ ವಾಲಿ ಹಿಮದ ಮೇಲೆ ಸರ್ರನೆ ಜಾರಿ ಕೊರಕಲಿಗೆ ಹೋದ. ಇಪ್ಪತ್ತಡಿ ಆಳ. ತಳದಲ್ಲಿ ಸೊಂಟದವರೆಗೆ ಹೂತು, ತಲೆ ಎದೆಗೆ ಬಿದ್ದಿತ್ತು. ನಾನೇ ಹೊಡೆದು ಬೀಳಿಸಿದೆ ಅಂತ ಆಫೀಸಿನಲ್ಲಿ ಹೇಳುತ್ತೇನೆ. ನಿಮಗೆ ಮಾತ್ರ ನಿಜ ಹೇಳಿದ್ದೇನೆ.

ಪಿಸ್ತೂಲು ಎತ್ತಿ ಜೇಬಿಗಿಟ್ಟು ದನಿ ಬಂದ ಕಡೆಗೆ ತೆವಳಿದೆ. ತೂಗುಸೇತುವೆಯ ಬುಡದಲ್ಲಿ ಕ್ರೇನ್ ಆಪರೇಟರ್ ಬಿದ್ದಿದ್ದ. ಜಾರಿದ ತೊಲೆಯೊಂದು ಅವನ ಕಾಲಿನ ಮೇಲೆ ಕೂತಿತ್ತು. ಟಾರ್ಪಾಲಿನ್ ಸುತ್ತಿಕೊಂಡು ಒಂದು ರಾತ್ರಿ ಕಳೆದಿದ್ದ. ತುಟಿ ನೀಲಿಯಾಗಿತ್ತು. ತೊಲೆ ಎತ್ತಲು ನೋಡಿದೆ, ಅಲುಗಲಿಲ್ಲ. ನನ್ನ ಜಾಕೆಟ್ ಹೊದಿಸಿ ಪಕ್ಕದಲ್ಲಿ ಕೂತೆ.

"ರಾತ್ರಿಯೆಲ್ಲಾ ಗಂಟೆಗೆ ಕಾದೆ ಸಾರ್," ಎಂದ. "ಹೊಡೀಲೇ ಇಲ್ಲ. ಅಜ್ಜಿಗೂ ನಾನು ಬೇಡವಾದ್ನಾ ಅನ್ನಿಸ್ತು. ಅಳು ಬಂತು."

ಮುಚ್ಚುಮರೆಯಿಲ್ಲದೆ ಮಂಚದ ಕತೆ ಹೇಳಿದೆ. ಎಲೆಕ್ಟ್ರಿಷಿಯನ್ನನ ಹೆಂಡತಿ ಕಳಿಸಿದ್ದಾಳೆ ಅಂತಲೂ ಹೇಳಿದೆ. ಅವನು ಜಾಕೆಟ್ಟನ್ನು ಗಲ್ಲದವರೆಗೆ ಎಳೆದುಕೊಂಡ.

"ನಿಮ್ದು ಗೊತ್ತಿಲ್ದೆ ಆಗಿದ್ದು ಸಾರ್. ನಾನು ಕಣ್ಣಾರೆ ಕಂಡೆ, ಅವನ ಕೈ ಸ್ವಿಚ್ ಕಡೆ ಹೋಗಿದ್ದು. ಕ್ಯಾಬಿನ್ನಲ್ಲಿ ಹಾರ್ನ್ ಇತ್ತು. ಒತ್ತಿದ್ರೆ ಆ ಕೂಲಿಯವನು ಕೈ ಬಿಡ್ತಿದ್ನೋ ಏನೋ. ಮಾಲೀಕರ ಕಡೆಯವರು, ನಮಗ್ಯಾಕೆ ಅಂತ ಸುಮ್ನೆ ಕೂತೆ." ಮುಖ ಮುಚ್ಚಿಕೊಂಡ. "ಬರ್ತೀನಿ. ಹೊತ್ಕೊಂಡಾದ್ರೂ ಹೋಗಿ ನನ್ನ ಕೋರ್ಟಿಗೆ."

ಹಟ್ಟಿಯವರು ನಾಲ್ಕು ಜನ ಬಂದರು. ತೊಲೆ ಎತ್ತಿದರು, ಅವನನ್ನು ಹೊತ್ತರು. ಆ ಹೊತ್ತಿಗೆ ಮಂಜು ಇಳಿದು ಹತ್ತಡಿ ಆಚೆಗೆ ಏನೂ ಕಾಣುತ್ತಿರಲಿಲ್ಲ. ಕೊರಕಲಿನ ಪಕ್ಕದಲ್ಲೇ ಹಾದು ಬಂದೆವು. ಒಳಗಿಂದ ಸದ್ದಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು.

ತಂಗುಮನೆಯ ಬಾಗಿಲಲ್ಲೇ ಹೇಸರಗತ್ತೆ ಸಿದ್ಧವಿತ್ತು. ಆಪರೇಟರ್ ಒಂಟಿ ಕಾಲಲ್ಲಿ ಕುಂಟಿ ಹೋಗಿ ತನ್ನ ಕಲ್ಲು ತೆಗೆದ. ನಾನೂ ನನ್ನದಕ್ಕೆ ಕೈ ಹಾಕಿದೆ.

"ಆ ಕೋಟಿನೋನು?" ಎಂದಳು ಅಜ್ಜಿ.

"ಅವನು ಕಲ್ಲಿಟ್ಟಿಲ್ಲವಲ್ಲ."

"ಗೊತ್ತು. ಕಲ್ಲಿಡದವನಿಗಾಗಿ ಈ ಮಂಜಲ್ಲಿ ಇವರನ್ನ ಅಟ್ಟೋ ಹಕ್ಕು ನನಗಿಲ್ಲ. ಇವರಿಗೂ ಹೆಂಡ್ರು ಮಕ್ಕಳಿದ್ದಾರೆ. ಬೇರೆಯವರು ಅವನ ಪರವಾಗಿ ಇಡಬಹುದು. ಆದ್ರೆ ಇಟ್ಟವರೇ ಮುಂದೆ ನಡೀಬೇಕು."

ಎಲ್ಲರೂ ನನ್ನನ್ನೇ ನೋಡಿದರು. ಹೇಸರಗತ್ತೆಯೂ ನೋಡಿತು.

ಯೋಚಿಸಿ. ಅವನು ನನ್ನ ಮೂಗಿಗೆ ಪಿಸ್ತೂಲು ಹಿಡಿದವನು. ಸುಮ್ಮನಿದ್ದರೆ ಸಾಕಿತ್ತು. ಯಾರೂ ಕೇಳುತ್ತಿರಲಿಲ್ಲ. ನನ್ನ ಎರಡೂ ಪಾದ ಊದಿ ಶೂ ಹರಿಯುವಂತಿತ್ತು. ಆದರೆ ಒತ್ತದೆ ಬಿಟ್ಟ ಆ ಹಾರ್ನು ಕಿವಿಯೊಳಗೆ ಕೂತುಬಿಟ್ಟಿತ್ತು. ಥೂ! ಸಾಕ್ಷಿ ಹುಡುಕಲು ಬಂದವನು ಸಾಕ್ಷಿಯ ಮಾತು ಕೇಳಿಸಿಕೊಳ್ಳಬಾರದು.

ನನ್ನ ಕಲ್ಲನ್ನು ಹಲಗೆಯ ಮೇಲೇ ಬಿಟ್ಟೆ. ಪಕ್ಕದಲ್ಲಿ ಇನ್ನೊಂದಿಟ್ಟೆ.

"ತಂಗಿಗೆ ಹೇಳು," ಎಂದೆ ಆಪರೇಟರ್‌ಗೆ. "ಅಣ್ಣ ಕಿವಿ ಹಿಡಿದು ಇಳಿಸಿದ ಅಂತ."

ಅವನು ಹೇಸರಗತ್ತೆಯ ಮೇಲೆ ಕೆಳಕ್ಕೆ ಹೋದ. ನಾನು ಮತ್ತೆ ಮೇಲಕ್ಕೆ ಹೋದೆ. ನಾಲ್ವರಲ್ಲಿ ಇಬ್ಬರು ಮುಂದಿನಿಂದ ಎಳೆದರು, ಇಬ್ಬರು ಹಿಂದಿನಿಂದ ತಳ್ಳಿದರು. ಮುಂದೆ ನಡೆಯುವುದು ಅಂದರೆ ಹೀಗೆ!

ಹಗ್ಗ ಕಟ್ಟಿ ಮೇಲಕ್ಕೆಳೆದಾಗ ಕೋಟು ಕಣ್ಣು ಬಿಟ್ಟು, "ಲೇ ಡಿಟೆಕ್ಟಿವ್, ನಿನ್ನ ಬಿಡಲ್ಲ," ಎಂದ. ಬಿಡಲೂ ಇಲ್ಲ. ತಂಗುಮನೆಯವರೆಗೂ ನನ್ನ ತೋಳನ್ನೇ ತಬ್ಬಿಕೊಂಡು ನಡೆದ.

ಸೋಮವಾರ ಸಂಜೆ ನಾಲ್ಕಕ್ಕೆ ತಂಗುಮನೆಯ ಫೋನ್ ರಿಂಗಾಯಿತು. ಆ ತನಕ ನಾನು ಮುಲಾಮು ಸವರಿಕೊಂಡು ಮಲಗಿಯೇ ಇದ್ದೆ. ಅಜ್ಜಿ ರಿಸೀವರ್ ತಂದು ನನ್ನ ಕಿವಿಗಿಟ್ಟಳು.

"ಅಣ್ಣಾ..." ಅಷ್ಟೇ. ಆಮೇಲೆ ಅಳು. ಹಿಂದಿನಿಂದ ಗಂಡಸಿನ ದನಿಯೊಂದು, "ಅಳಬೇಡ್ವೇ, ನಾನು ಇಲ್ಲೇ ಇದ್ದೀನಲ್ಲ," ಎನ್ನುತ್ತಿತ್ತು. ನನ್ನ ಕಣ್ಣೂ ಒದ್ದೆಯಾಯಿತು. ಹೊಗೆ, ಹೊಗೆ ಅಂತ ಅಜ್ಜಿಗೆ ಹೇಳಿದೆ. ಒಲೆ ಆರಿತ್ತು.

ನಾನೀಗ ಪಕ್ಕದ ನೆಟ್ಟಗಿನ ಮಂಚದಲ್ಲಿದ್ದೆ. ಗಿಡ್ಡ ಕಾಲಿನ ಮಂಚದಲ್ಲಿ ಕೋಟು ಮಲಗಿದ್ದ. ಹಿಮ ಕಚ್ಚಿದ ಎರಡೂ ಕಾಲಿಗೆ ಬ್ಯಾಂಡೇಜು. ಅವನು ಮಗ್ಗುಲಾದ. ಟಕ್! ಇನ್ನೊಂದು ಮಗ್ಗುಲಾದ. ಟಕ್! ಕಿಟಕಿಯ ಹಲಗೆಯ ಮೇಲೆ ಬೆಳಿಗ್ಗೆ ಕುರಿಗಾಹಿ ಹೆಂಗಸು ಇಟ್ಟು ಹೋದ ಕಲ್ಲೊಂದಿತ್ತು. ಚಪ್ಪಟೆಯಾಗಿತ್ತು. ಕೋಟು ಅದರತ್ತ ಕೈ ಚಾಚಿದ.

ಜೇಬಿನಿಂದ ಅವನದೇ ಪಿಸ್ತೂಲು ತೆಗೆದು ಅವನ ಮೂಗಿಗೆ ನೇರವಾಗಿ ಹಿಡಿದೆ. ಈ ಸಲ ನಳಿಕೆ ನಡುಗಲಿಲ್ಲ.

"ಮುಟ್ಟಿ ನೋಡು ಮಗನೇ!"