ಸೆರಾಫಿನ್ ತಿಂದ ಜಾಗ

ಮಧ್ಯಾಹ್ನ ಎರಡಕ್ಕೆ ಕೊಲ್ಲಂ ಕಡಲಂಚಿನ ಮೀನುಗಾರರ ರೇಡಿಯೋ ನಿಂತುಹೋಯಿತು. ಬಿರುಗಾಳಿ ಎಚ್ಚರಿಕೆ ಬಂದಿದೆ, ಮೂರಕ್ಕೆ ದೋಣಿಗಳು ಹೊರಡುತ್ತವೆ. ಡೆಲ್ಫಿ ಮೈಕಿನಲ್ಲಿ ಎಷ್ಟು ಕೂಗಿದರೂ ಹೊರಗೆ ಏನೂ ಹೋಗುತ್ತಿಲ್ಲ.

ಅವಳು ಕಪ್ಪು ಪರದೆಯಲ್ಲಿ df -h ಎಂದು ಹೊಡೆದಳು. ಪ್ರಸಾರ ನಡೆಸುವ ಕಂಪ್ಯೂಟರಿನ ಡಿಸ್ಕ್ ನೂರಕ್ಕೆ ನೂರು ತುಂಬಿ ಕಟ್ಟಿಕೊಂಡಿತ್ತು. ತುಂಬದೆ ಇನ್ನೇನು? ಯಾರೋ ಬಿಸಾಡಬೇಕಿದ್ದ ಕಂಪ್ಯೂಟರನ್ನು ದಾನ ಅಂತ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗಿದ್ದರು.

ಪಕ್ಕದಲ್ಲಿ ಸೆರಾಫಿನ್ ಕೂತಿದ್ದ. ಎಂಟು ವರ್ಷ ಈ ರೇಡಿಯೋದ ದನಿ ಅವನದೇ ಆಗಿತ್ತು. ಹೋದ ವರ್ಷ ಕ್ಯಾನ್ಸರ್ ಅಂತ ಗಂಟಲು ಕೊಯ್ದು ಧ್ವನಿಪೆಟ್ಟಿಗೆ ತೆಗೆದರು. ಈಗ ಅವನ ಮಾತೆಲ್ಲ ಸ್ಲೇಟಿನಲ್ಲಿ.

‘ಯಾರು ತಿಂದಿದ್ದಾರೆ ನೋಡು’ ಎಂದು ಬರೆದು ಅವಳ ಮೊಣಕೈ ತಿವಿದ.

ಯಾರು ಅಂತ ಅವಳಿಗೆ ಗೊತ್ತಿತ್ತು. ಕೈ ಆಡಿಸಲಿಲ್ಲ. ಅವನೇ ಕೈಚಾಚಿ du ಹೊಡೆದ. ಯಾವುದು ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ ಬಂತು. ಎಲ್ಲಕ್ಕಿಂತ ದೊಡ್ಡದು ಒಂದೇ ಫೈಲು: ನಲವತ್ತೊಂದು ಜಿಬಿ, ಹೆಸರು ಸೆರಾಫಿನ್.

ಅವನ ಹುಬ್ಬು ಮೇಲೇರಿತು. ‘ನಾನು ಇಷ್ಟು ದಪ್ಪ ಆದದ್ದು ಯಾವಾಗ?’

"ಹಳೇ ಬುಲೆಟಿನ್ ಅಷ್ಟೇ, ಮುಟ್ಟಬೇಡಿ."

ಅವನು ಮುಟ್ಟಿಯೇಬಿಟ್ಟ. ಬುಲೆಟಿನ್ ಇರಲಿಲ್ಲ. ಮೊದಲು ಕೆಮ್ಮು, ಆಮೇಲೆ ನಗು, ಆಮೇಲೆ ಅವನದೇ ದನಿ: "ಡೆಲ್ಫೀ, ಈ ಚಹಾ ನೀನೇ ಕುಡಿ. ಸಮುದ್ರದ ನೀರು ಇದಕ್ಕಿಂತ ವಾಸಿ!" ಪ್ರಸಾರಕ್ಕೆ ಮುಂಚೆ ಕತ್ತರಿಸಿ ಎಸೆಯಬೇಕಾದ ಚೂರುಗಳನ್ನೆಲ್ಲ ಅವಳು ಎಂಟು ವರ್ಷ ಒಂದಕ್ಕೊಂದು ಜೋಡಿಸುತ್ತಾ ಬಂದಿದ್ದಳು.

ಅವನ ಮುಖದ ನಗೆ ಆರಿತು. ಅವಳ ಕಡೆ ನೋಡಿದವನು ಕಣ್ಣು ಕೀಳಲಿಲ್ಲ.

ಹೊರಗಿಂದ ರೇಡಿಯೋ ನಡೆಸುವ ಚರ್ಚಿನ ಫಾದರ್ ಗುಡುಗಿದರು. "ಏನು ಡೆಲ್ಫಿ, ನಿದ್ದೆ ಹೊಡೀತಿದ್ದೀಯಾ? ದಡದುದ್ದಕ್ಕೂ ಎಂಜಿನ್ ಸ್ಟಾರ್ಟ್ ಮಾಡ್ತಾ ಇದ್ದಾರೆ, ನಾನೊಬ್ಬ ಎಷ್ಟು ಜನರ ಹತ್ರ ಓಡ್ಲಿ!"

‘ಅಳಿಸು. ಮಿಕ್ಕದ್ದೆಲ್ಲ ಕಂಪ್ಯೂಟರಿಗೇ ಬೇಕಾದ್ದು’ ಎಂದು ಸೆರಾಫಿನ್ ಬರೆದ.

"ಪೆನ್‌ಡ್ರೈವಿಗೆ ಹಾಕ್ಕೋತೀನಿ. ಒಂದೇ ಗಂಟೆ."

‘ಒಂದು ಗಂಟೆಗೆ ಅವರೆಲ್ಲ ನಡುಗಡಲಲ್ಲಿರ್ತಾರೆ.’

"ನಿಮ್ದು ಅಂತ ನನ್ನ ಹತ್ರ ಇರೋದು ಇದೊಂದೇ!"

ಅವನು ಸ್ಲೇಟು ಒರೆಸಿ ನಿಧಾನವಾಗಿ ಬರೆದ. ‘ಕಾಯಿಲೆ ಶ್ವಾಸಕೋಶಕ್ಕೆ ಇಳಿದಿದೆ. ಅದಕ್ಕೇ ನನ್ನ ಮನಸ್ಸಲ್ಲಿರೋದು ನಿನಗೆ ಹೇಳಲಿಲ್ಲ.’

"ಗೊತ್ತು. ನಿಮ್ಮಮ್ಮ ಹೇಳಿದ್ರು. ಎಷ್ಟು ದಿನ ಇರ್ತೀರೋ ಅಷ್ಟು ದಿನ ನಿಮ್ಮ ಮನೇಲೇ ಇರ್ತೀನಿ. ಬೇಡ ಅಂತ ಬರೆದ್ರೆ ಇದೇ ಸ್ಲೇಟಲ್ಲಿ ತಲೆ ಒಡೀತೀನಿ."

ಅವನು ಸೀಮೆಸುಣ್ಣ ಕೆಳಗಿಟ್ಟ.

ಡೆಲ್ಫಿ ಅಳಿಸುವ ಆಜ್ಞೆ ಬರೆದು, ಹಲ್ಲು ಕಚ್ಚಿ ಎಂಟರ್ ಒತ್ತಿದಳು. ಎಂಟು ವರ್ಷ ಅಳಿಯುವುದಕ್ಕೆ ಎರಡು ಕ್ಷಣ ಸಾಕಾಯಿತು. ರೇಡಿಯೋ ಎದ್ದಿತು. "ಯಾರೂ ಕಡಲಿಗೆ ಇಳಿಯಬೇಡಿ," ಎಂದು ಅವಳು ಗಂಟಲು ಕಟ್ಟುವ ತನಕ ಓದಿದಳು.

ದಡದಲ್ಲಿ ಎಂಜಿನ್‌ಗಳು ಒಂದೊಂದಾಗಿ ನಿಂತವು. ಆ ನಿಶ್ಶಬ್ದದಲ್ಲಿ ಅವನ ಕತ್ತಿನ ತೂತಿನಿಂದ ಉಸಿರು ಸುಯ್ ಎಂದು ಹೋಗಿಬರುತ್ತಿತ್ತು. ಡೆಲ್ಫಿ ಮೈಕ್ ಆರಿಸಿ, ಕುರ್ಚಿ ಹತ್ತಿರ ಎಳೆದುಕೊಂಡು, ಅದನ್ನೇ ಕೇಳುತ್ತಾ ಕೂತಳು.