ಕೆಂಪು ಬಾವುಟ ಹಿಡಿದವನು

"ಎಡಕ್ಕೆ! ಎಡಕ್ಕೆ ಹೋಗಿ!"

ತಿರುವಿನಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದ ಹುಡುಗ ಕೈ ಚಾಚಿ ಕೂಗಿದ. ಓಡುತ್ತಲೇ ಮಾಜಿದಾ ಅವನ ಮುಖ ನೋಡಿದಳು. ಬೆವರಿದ ಹಣೆ, ಗಾಬರಿ ತುಂಬಿದ ಕಣ್ಣು... ಆ ಕಣ್ಣುಗಳನ್ನು ಅವಳು ಆಮೇಲೆ ಒಂದು ದಿನವೂ ಮರೆಯಲಿಲ್ಲ.

ನೆಲದ ಮೇಲಿನ ಸುಣ್ಣದ ಗೆರೆ ನೇರಕ್ಕೆ ಹೋಗುತ್ತಿತ್ತು. ಆದರೆ ಗುಡ್ಡಗಾಡು ಓಟದಲ್ಲಿ ಗೆರೆಗಿಂತ ಬಾವುಟ ಹಿಡಿದವರ ಕೈ ದೊಡ್ಡದು. ಅವರು ತೋರಿಸಿದ ಕಡೆಗೆ ಕಣ್ಣು ಮುಚ್ಚಿ ಓಡಬೇಕು. ಬಂಟ್ವಾಳದ ಅವಳ ಕಾಲೇಜಿನಲ್ಲಿ ಕಮಲಾಕ್ಷ ಸರ್ ಮೊದಲ ದಿನವೇ ಕಲಿಸುವ ಪಾಠ ಅದು.

ಅವಳು ಎಡಕ್ಕೆ ತಿರುಗಿದಳು.

ಬೆಳ್ತಂಗಡಿಯ ಕೊಯ್ಲಾದ ಗದ್ದೆಗಳ ನಡುವೆ ನಡೆದ ಅಂತರ ಕಾಲೇಜು ಓಟ ಅದು. ಮಾಜಿದಾ ಮೂರನೆಯವಳಾಗಿ ಓಡುತ್ತಿದ್ದಳು. ಮೊದಲ ಆರು ಮಂದಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ! ಇನ್ನೇನು, ಜಾಗ ಕೈಗೆ ಸಿಕ್ಕಿದ ಹಾಗೆಯೇ ಇತ್ತು.

ಎಡಗಡೆಯ ದಾರಿ ಹೋಗಿ ಹೋಗಿ ಒಂದು ಹೊಸ ಪಾಗಾರಕ್ಕೆ ಮುಟ್ಟಿತು. ಎತ್ತರದ ಕೆಂಪು ಕಲ್ಲಿನ ಗೋಡೆ! ಸುತ್ತು ಹಾಕಿ ಮತ್ತೆ ಸುಣ್ಣದ ಗೆರೆ ಸೇರುವಾಗ ಅವಳ ಹಿಂದಿದ್ದವರೆಲ್ಲ ಮುಂದೆ ಹೋಗಿದ್ದರು. ಅವರನ್ನು ಯಾರೂ ಎಡಕ್ಕೆ ಕಳಿಸಿರಲಿಲ್ಲ. ಅವಳೊಬ್ಬಳನ್ನೇ ಕಳಿಸಿದ್ದು!

ಆ ಹುಡುಗ ಇಹ್ಸಾನ್. ಮೂಡುಬಿದಿರೆಯ ಕಾಲೇಜಿನ ಓಟಗಾರ. ಹುಡುಗಿಯರು ಓಡುವಾಗ ಹುಡುಗರು ತಿರುವುಗಳಲ್ಲಿ ಬಾವುಟ ಹಿಡಿಯುವುದು, ಹುಡುಗರು ಓಡುವಾಗ ಹುಡುಗಿಯರು ಹಿಡಿಯುವುದು ಇಲ್ಲಿನ ಪದ್ಧತಿ. ಆ ದಿನ ಮಾಜಿದಾಳ ಮುಂದೆ ಓಡುತ್ತಿದ್ದ ಇಬ್ಬರೂ ಅವನದೇ ಕಾಲೇಜಿನವರು. ಕಪ್ಪೂ ಅವರಿಗೇ ಹೋಯಿತು. ಇದಕ್ಕಿಂತ ಹೆಚ್ಚು ಸಾಕ್ಷಿ ಯಾರಿಗೆ ಬೇಕು?

ವಿಚಾರಣೆಗೆ ಕರೆದಾಗ ಅವನು ತಲೆ ತಗ್ಗಿಸಿ, "ತಪ್ಪು ನನ್ನದು ಸರ್. ನಾನೇ ತಪ್ಪು ದಾರಿ ತೋರಿಸಿದೆ" ಎಂದ.

"ಯಾಕೆ?"

ಅವನು ಬಾವುಟವನ್ನು ಮಡಚಿ ಮೇಜಿನ ಮೇಲಿಟ್ಟ.

'ಎಂಥ ಕಲ್ಲು ಮನಸ್ಸು ಇವನದ್ದು! ಒಂದು ನೆಪ ಕೂಡ ಹೇಳುವುದಿಲ್ಲ ನೋಡು!' ಮಾಜಿದಾಳ ಕಣ್ಣಲ್ಲಿ ನೀರು ಬರಲಿಲ್ಲ. ಬಂದದ್ದು ಬೆಂಕಿ.

ಅವಳ ಸಿಟ್ಟಿಗೆ ಕಾರಣವೂ ಇತ್ತು ಅನ್ನಿ. ಆ ಸಂಜೆ ಸೌದಿಯಿಂದ ಉಪ್ಪನ ಫೋನು ಬಂತು.

"ಸಾಕು ಮಗಳೇ ಓಟ. ತಂಡಕ್ಕೆ ಸೇರಿದರೆ ಓಡು, ಇಲ್ಲದಿದ್ದರೆ ನಿಲ್ಲಿಸು ಅಂತ ಮಾತಾಗಿತ್ತಲ್ವಾ? ಇನ್ನು ಮದುವೆ ವಿಷಯ ನೋಡುವ."

ಬೆಳ್ತಂಗಡಿಯ ಹಳೇ ಗೆಳತಿ ರುಖಿಯಮ್ಮನ ಸಾವಿನ ಮನೆಗೆ ಹೋಗಿ ಆಗಷ್ಟೇ ಮಾಣಿ ಊರಿನ ಮನೆಗೆ ಮರಳಿದ್ದ ಅಜ್ಜಿ ಬೀಯಮ್ಮ, ಮೊಮ್ಮಗಳ ಮುಖ ನೋಡಿದವರೇ ಫೋನು ಕಿತ್ತುಕೊಂಡರು.

"ಇನ್ನೊಂದು ವರ್ಷ ಓಡಲಿ ಅವಳು. ಆಗಲೂ ಆಗದಿದ್ದರೆ ನಾನೇ ಆ ಶೂಗಳನ್ನು ಬಚ್ಚಲಿನ ಒಲೆಗೆ ಹಾಕ್ತೇನೆ, ತಿಳೀತಾ?"

ಹಾಗೆ ಸಿಕ್ಕಿದ್ದು ಒಂದೇ ಒಂದು ವರ್ಷ.

ಆ ವರ್ಷ ಅವಳು ಓಡಿದ್ದು ಕಾಲಿನಿಂದಲ್ಲ, ಹಟದಿಂದ. ಮಾಣಿಯ ಏರು ಹತ್ತುವಾಗ 'ಇಹ್ಸಾನ್' ಎಂದು ಹಲ್ಲು ಕಚ್ಚುತ್ತಿದ್ದಳು. ನರಿಕೊಂಬಿನ ಹೊಳೆ ಬದಿಯ ಮರಳಿನಲ್ಲಿ ಕಾಲು ಹೂತುಹೋದಾಗಲೂ ಅದೇ ಹೆಸರು. ತಲೆವಸ್ತ್ರಕ್ಕೆ ಪಿನ್ನು ಚುಚ್ಚಿಕೊಳ್ಳುವಾಗಲೂ ಅದೇ!

ಜೊತೆಗೆ ಓಡುವ ದೀಕ್ಷಿತಾ ಏದುಸಿರು ಬಿಡುತ್ತಾ ಹೇಳಿದಳು, "ಎಂತ ಮಾರಾಯ್ತಿ, ದಿನಕ್ಕೆ ಎಷ್ಟು ಸಲ ಅವನ ಹೆಸರು ಹೇಳ್ತೀ? ಪ್ರೀತಿ ಮಾಡುವವರು ಕೂಡ ಇಷ್ಟು ಹೇಳುವುದಿಲ್ಲ!"

"ಬಾಯಿ ಮುಚ್ಚು ನೀನು!"

ಹೊಸ ಋತುವಿನ ಮೊದಲ ಓಟ ಬಂಟ್ವಾಳದಲ್ಲಿ. ಓಟ ಮುಗಿಸಿ ಮಾಜಿದಾ ಹುಲ್ಲಿನ ಮೇಲೆ ಕೂತಿದ್ದಾಗ ಇಹ್ಸಾನ್ ಎದುರಿಗೆ ಬಂದು ನಿಂತ.

"ಚೆನ್ನಾಗಿ ಓಡಿದ್ರಿ."

"ನೀವು ದಾರಿ ತೋರಿಸದಿದ್ದರೆ ನಾನು ಯಾವಾಗಲೂ ಚೆನ್ನಾಗಿಯೇ ಓಡುವುದು."

ಅವನ ಮುಖ ಬಾಡಿತು. ಆದರೂ ಅಲ್ಲಿಂದ ಹೋಗಲಿಲ್ಲ.

"ಬೈಯಿರಿ. ನಿಮಗೆ ಹಕ್ಕುಂಟು."

ಛೇ! ಬೈಯಿರಿ ಎಂದವನಿಗೆ ಬೈಯುವುದರಲ್ಲಿ ಎಂತ ಸುಖ? ಮಾಜಿದಾಳಿಗೆ ಮೈ ಉರಿಯಿತು. ಜೊತೆಗೆ, ಎಲ್ಲೋ ಒಳಗೆ, ಎದೆ ಡವಗುಟ್ಟಿತು. ಅದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಆ ಹೊತ್ತಿಗೇ ಕಮಲಾಕ್ಷ ಸರ್ ಕೂಗಿ ಹೇಳಿದರು, "ಈ ವರ್ಷ ತಂಡದ ಆಯ್ಕೆ ನಡೆಯುವ ಮೂಡುಬಿದಿರೆಯ ಕೊನೆಯ ಓಟದಲ್ಲಿ ಹುಡುಗರಿಗೆ ಬಾವುಟ ಹಿಡಿಯಲು ನಮ್ಮ ಕಾಲೇಜಿನ ಹುಡುಗಿಯರು. ಯಾರು ನಿಲ್ತೀರಿ?"

ಮಾಜಿದಾಳ ತಲೆಯಲ್ಲಿ ಮಿಂಚು ಹೊಡೆಯಿತು.

"ನಾನು ನಿಲ್ತೇನೆ ಸರ್. ಕಲ್ಲಿನ ಕೋರೆಯ ತಿರುವಿನಲ್ಲಿ."

ಇಹ್ಸಾನನಿಗೆ ಇದು ಕಾಲೇಜಿನ ಕೊನೆಯ ವರ್ಷ. ಅವನಿಗೂ ಇದೇ ಕೊನೆಯ ಅವಕಾಶ. ಅವಳು ಕೋರೆಯ ಕಡೆಗೆ ಕೈ ತೋರಿಸಿದರೆ ಸಾಕು, ಅವನ ತಂಡದ ಕನಸು ಅಲ್ಲಿಗೆ ಮುಗಿಯಿತು. ಆದರೆ ಅದಕ್ಕೆ ಮೊದಲು ಅವನು ಅವಳ ಕೈಯನ್ನು ನಂಬಬೇಕಲ್ಲ?

'ನಂಬಿಸ್ತೇನೆ! ಬೆಣ್ಣೆ ಹಚ್ಚಿ ಮಾತಾಡ್ತೇನೆ. ನಂಬಿದವರು ಮೋಸ ಹೋದಾಗ ಹೇಗಾಗ್ತದೆ ಅಂತ ಅವನಿಗೂ ಗೊತ್ತಾಗಲಿ!'

"ಇಹ್ಸಾನ್," ಎಂದಳು ಅವಳು, ಮೊದಲ ಬಾರಿಗೆ ನಗುತ್ತಾ. "ಆದದ್ದಾಯ್ತು. ಬಿಟ್ಟುಬಿಡುವ."

ಅವನ ಕಣ್ಣು ತುಂಬಿ ಬಂದದ್ದನ್ನು ಕಂಡೂ ಕಾಣದ ಹಾಗೆ ಮಾಡಿದಳು.

ಆಮೇಲೆ ಮೆಸೇಜು ಶುರುವಾಯಿತು. 'ಇವತ್ತು ಎಷ್ಟು ಓಡಿದ್ರಿ?' 'ಮೊಣಕಾಲು ಹೇಗುಂಟು?' ಮೆಸೇಜು ಫೋನಾಯಿತು. ಬೆಳುವಾಯಿಯ ತನ್ನ ಮನೆಯ ವಿಷಯ, ಮನೆಯ ಹಿಂದಿನ ಗುಡ್ಡದಲ್ಲಿ ದನ ಹುಡುಕುತ್ತಾ ಓಡಲು ಕಲಿತ ವಿಷಯ, ಎಲ್ಲವನ್ನೂ ಅವನು ಹೇಳಿದ. ಅವಳು ಹೂಂಗುಟ್ಟಿದಳು, ನಗಬಾರದು ಎಂದುಕೊಂಡರೂ ನಕ್ಕಳು. ಫೋನು ಇಟ್ಟ ಮೇಲೆ ತನ್ನ ಮೇಲೆಯೇ ರೇಗಿದಳು.

'ಇದೆಲ್ಲ ನಾಟಕ ಮಾಜಿದಾ. ನೆನಪಿರಲಿ, ನಾಟಕ!'

ಎರಡನೆಯ ಓಟ ಮತ್ತೆ ಬೆಳ್ತಂಗಡಿಯಲ್ಲಿ, ಅದೇ ಗದ್ದೆಗಳಲ್ಲಿ. ಓಟ ಮುಗಿದ ಮೇಲೆ ಅವನು ಒಂದು ಎಳನೀರಿನ ಬೊಂಡ ಕೆತ್ತಿಸಿ ತಂದು ಅವಳ ಕೈಗಿಟ್ಟ. ಅವಳು ಅದನ್ನು ಕುಡಿಯುವಾಗ ಅವನು ದೂರದ ಆ ತಿರುವನ್ನೇ ನೋಡುತ್ತಿದ್ದ.

"ಮಾಜಿದಾ... ಆ ದಿನ ಅಲ್ಲಿ..."

"ಬೇಡ!" ಅವಳು ಥಟ್ಟನೆ ತಡೆದಳು. "ಆ ವಿಷಯ ಮಾತಾಡುವುದೇ ಬೇಡ."

ಅವಳಿಗೆ ಹೆದರಿಕೆಯಾಗಿತ್ತು. ಅವನು ಏನಾದರೂ ಹೇಳಿ, ಅದು ನಿಜವಾಗಿ, ಮನಸ್ಸು ಕರಗಿಬಿಟ್ಟರೆ? ವರ್ಷವಿಡೀ ಕಾದಿಟ್ಟ ಸಿಟ್ಟನ್ನು ಎಲ್ಲಿಗೆ ಕೊಂಡುಹೋಗಿ ಹಾಕುವುದು?

ಅವನು ಖಾಲಿ ಬೊಂಡವನ್ನು ಅವಳ ಕೈಯಿಂದ ತೆಗೆದುಕೊಂಡ.

ಮೂಡುಬಿದಿರೆಯ ಓಟದ ದಿನ ಬಂದೇಬಿಟ್ಟಿತು. ಬೆಳುವಾಯಿ ಕಡೆಯ ಗುಡ್ಡದ ಮೇಲೆ ದಾರಿ. ಅಜ್ಜಿ ಬೀಯಮ್ಮ ಮೊದಲ ಸಲ ಓಟ ನೋಡಲು ಬಂದು, ಗುಡ್ಡದ ಬುಡದ ಶಾಮಿಯಾನದಲ್ಲಿ ಕೊಡೆ ಹಿಡಿದು ಕೂತಿದ್ದರು.

ಹುಡುಗಿಯರ ಓಟ ಮೊದಲು. ಮಾಜಿದಾ ಹಿಂದೆ ತಿರುಗಿ ನೋಡಲೇ ಇಲ್ಲ. ಎರಡನೆಯವಳಾಗಿ ಬಂದಳು! ತಂಡದಲ್ಲಿ ಜಾಗ ಸಿಕ್ಕಿತು. ಅಜ್ಜಿ ಕೊಡೆ ಎಸೆದು ಅವಳನ್ನು ತಬ್ಬಿಕೊಂಡರು. ದೀಕ್ಷಿತಾ ಅಳುತ್ತಾ ಕುಣಿದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಸಾಕು ಅನ್ನುತ್ತಿದ್ದರು. ನಮ್ಮ ಮಾಜಿದಾ ಮಾತ್ರ ಬೆವರು ಒರೆಸಿಕೊಂಡು, ಕೆಂಪು ಬಾವುಟ ಎತ್ತಿಕೊಂಡು, ಕೋರೆಯ ತಿರುವಿಗೆ ನಡೆದಳು.

ಬಲಕ್ಕೆ ಸುಣ್ಣದ ಗೆರೆ. ಎಡಕ್ಕೆ ಕಲ್ಲು ಕಡಿದು ಬಿಟ್ಟ ಹಳೇ ಕೋರೆ, ಮುಂದೆ ದಾರಿಯೇ ಇಲ್ಲ.

ಹುಡುಗರ ಓಟ ಶುರುವಾಯಿತು. ಕೊನೆಯ ಸುತ್ತಿನಲ್ಲಿ ಇಹ್ಸಾನ್ ಎಲ್ಲರಿಗಿಂತ ಮುಂದೆ, ಒಬ್ಬನೇ ಬರುತ್ತಿದ್ದ. ಅವಳನ್ನು ಕಂಡು ಅಷ್ಟು ಸುಸ್ತಿನಲ್ಲೂ ಅವನ ಮುಖ ಅರಳಿತು.

ಅವಳು ಬಾವುಟವನ್ನು ಬಿಗಿಯಾಗಿ ಹಿಡಿದಳು.

'ಈಗ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಆ ಗೋಡೆ ನೆನಪು ಮಾಡಿಕೋ! ಉಪ್ಪನ ಫೋನು ನೆನಪು ಮಾಡಿಕೋ!'

"ಎಡಕ್ಕೆ!" ಎಂದು ಅವಳು ಕಿರುಚಿದಳು. "ಎಡಕ್ಕೆ ಹೋಗಿ!"

ಇಹ್ಸಾನನ ಕಾಲು ನಿಧಾನವಾಯಿತು. ಅವನು ಬಲಗಡೆಯ ಗೆರೆ ನೋಡಿದ, ಅವಳ ಚಾಚಿದ ಕೈ ನೋಡಿದ, ಅವಳ ಮುಖ ನೋಡಿದ. ಮುಖದಲ್ಲಿದ್ದ ನಗು ಹೋಯಿತು.

"ಆಯ್ತು, ಮಾಜಿದಾ" ಎಂದು ಮೆಲ್ಲಗೆ ಹೇಳಿ ಎಡಕ್ಕೆ ತಿರುಗಿದ.

ಗೆದ್ದೆ! ಅವಳು ಗೆದ್ದಿದ್ದಳು! ಆದರೆ... 'ಆಯ್ತು' ಎಂದನಲ್ಲ, ಯಾಕೆ?

ಆಗ ಅವಳಿಗೆ ಹೊಳೆಯಿತು. ಬೆಳುವಾಯಿಯ ಹುಡುಗ! ಮನೆಯ ಹಿಂದಿನ ಗುಡ್ಡ ಅಂದರೆ ಇದೇ ಗುಡ್ಡ! ಇಲ್ಲಿ ದನ ಹುಡುಕಿದವನಿಗೆ ಕೋರೆ ಎಲ್ಲಿದೆ ಎಂದು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೂ ಹೋದ. ಅವಳು ಕಳಿಸಿದಳು ಎಂಬ ಒಂದೇ ಕಾರಣಕ್ಕೆ ಹೋದ!

"ಯಾ ಅಲ್ಲಾಹ್... ನಾನು ಎಂತ ಮಾಡಿದೆ!"

ಬಾವುಟ ಕೈಯಿಂದ ಬಿತ್ತು. ಆಗಲೇ ಹತ್ತು ಕಿಲೋಮೀಟರ್ ಓಡಿ ದಣಿದಿದ್ದ ಕಾಲುಗಳು ಮತ್ತೆ ಓಡಿದವು. ಈ ಸಲ ಓಡಿಸಿದ್ದು ಹಟವಲ್ಲ.

"ಇಹ್ಸಾನ್! ಅಲ್ಲಿ ದಾರಿ ಇಲ್ಲ! ವಾಪಸು ಬನ್ನಿ! ನಾನು ಸುಳ್ಳು ಹೇಳಿದ್ದು!"

ಅವನು ಕೋರೆಯ ಅಂಚಿನಲ್ಲಿ ನಿಂತಿದ್ದ.

"ಗೊತ್ತುಂಟು."

"ಗೊತ್ತಿದ್ದು ಯಾಕೆ ಬಂದ್ರಿ? ತಲೆ ಸರಿ ಇಲ್ವಾ ನಿಮಗೆ?"

"ನೀವು ಆ ದಿನ ನನ್ನ ಕೈಯನ್ನು ನಂಬಿ ಹೋದ್ರಿ. ನಿಮಗಾದ ನಷ್ಟ ನನಗೂ ಆಗ್ಲಿ ಅಂತ. ಆಮೇಲಾದರೂ ನೀವು ನನ್ನ ಹತ್ತಿರ ನಿಜವಾಗಿ ನಗಬಹುದಲ್ವಾ?"

ಅಂದರೆ ಅವಳ ನಗು ಸುಳ್ಳು ಎಂದೂ ಅವನಿಗೆ ತಿಳಿದಿತ್ತು! ಮಾಜಿದಾಳಿಗೆ ಅಳು ಒತ್ತರಿಸಿಕೊಂಡು ಬಂತು.

"ಓಡಿ ಮಾರಾಯ್ರೇ! ಮೊದಲು ಓಡಿ!"

ಅವಳು ಅವನನ್ನು ದೂಡಿದಳು. ಅವನು ಓಡಿದ. ಅಷ್ಟರಲ್ಲಿ ಹಿಂದಿದ್ದವರು ಸುಣ್ಣದ ಗೆರೆ ಹಿಡಿದು ಮುಂದೆ ಹೋಗಿಯಾಗಿತ್ತು. ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಅವನು ಬಂದ... ಏಳನೆಯವನಾಗಿ. ಒಂದೇ ಜಾಗದಲ್ಲಿ ತಂಡ ತಪ್ಪಿತು.

ಮಾಜಿದಾ ನೇರ ತೀರ್ಪುಗಾರರ ಮೇಜಿನ ಎದುರು ಹೋಗಿ ನಿಂತಳು.

"ಸರ್, ನಾನು ಬೇಕೆಂದೇ ತಪ್ಪು ದಾರಿ ತೋರಿಸಿದ್ದು. ನನ್ನ ಜಾಗ ತೆಗೆಯಿರಿ."

"ಎಂತ ಮಾಡಿದ್ದು ಮಾರಾಯ್ತಿ ನೀನು!" ಕಮಲಾಕ್ಷ ಸರ್ ತಲೆಗೆ ಕೈ ಹೊತ್ತರು.

ಹಿಂದಿನಿಂದ ಇಹ್ಸಾನ್ ಬಂದ.

"ಸರ್, ಇದು ನಮ್ಮ ಗುಡ್ಡ. ನನಗೆ ದಾರಿ ಗೊತ್ತಿತ್ತು, ಗೊತ್ತಿದ್ದೇ ಹೋದದ್ದು. ಅವರ ಜಾಗ ತೆಗೆಯಬೇಡಿ."

ತೀರ್ಪುಗಾರರು ಮುಖ ಮುಖ ನೋಡಿಕೊಂಡು, ಕೊನೆಗೆ, "ಹೋದ ವರ್ಷವೂ ಫಲಿತಾಂಶ ಬದಲಿಸಲಿಲ್ಲ, ಈ ವರ್ಷವೂ ಬದಲಿಸುವುದಿಲ್ಲ. ಇನ್ನು ಮುಂದೆ ಇವರಿಬ್ಬರ ಕೈಗೆ ಬಾವುಟ ಮಾತ್ರ ಕೊಡಬೇಡಿ!" ಎಂದರು.

ಆಗಲೇ ಬೀಯಮ್ಮ ಕೊಡೆ ಊರಿಕೊಂಡು ಬಂದು ಇಹ್ಸಾನನ ಗಲ್ಲ ಹಿಡಿದು ನೋಡಿದರು.

"ಇವನು ಆ ಹುಡುಗ ಅಲ್ವಾ? ನಮ್ಮ ರುಖಿಯಮ್ಮನ ಮಯ್ಯಿತ್‌ಗೆ ಹೆಗಲು ಕೊಟ್ಟವನು!"

ಮಾಜಿದಾ ಬೆಚ್ಚಿದಳು. "ಯಾವ ಮಯ್ಯಿತ್ ಅಜ್ಜಿ?"

"ಬೆಳ್ತಂಗಡಿಯಲ್ಲಿ. ನಾನು ಜಗಲಿಯಿಂದ ನೋಡಿದ್ದು. ಗದ್ದೆಯ ಬದುವಿನ ಮೇಲೆ, ಆ ಹುಣಿಯಲ್ಲಿ, ಮಯ್ಯಿತ್ ತರುವಾಗ ಇವನು ಎದುರಿನಿಂದ ಓಡಿ ಬಂದ. ಕೆಂಪು ಬಾವುಟವನ್ನು ಸೊಂಟಕ್ಕೆ ಸಿಕ್ಕಿಸಿ ಹೆಗಲು ಕೊಟ್ಟ. ಯಾರ ಮಗನೋ, ಒಳ್ಳೆಯ ಹುಡುಗ ಅಂತ ಆ ದಿನವೇ ಹೇಳಿದೆ."

ಎದುರಾದ ಮಯ್ಯಿತ್‌ಗೆ ಶವ ಹೊತ್ತವರ ಜೊತೆ ನಾಲ್ಕು ಹೆಜ್ಜೆಯಾದರೂ ಹೆಗಲು ಕೊಡಬೇಕು. ಅವರ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಕ್ರಮ ಅದು. ಮಾಜಿದಾ ಇಹ್ಸಾನನ ಕಡೆಗೆ ತಿರುಗಿದಳು.

"ಮಯ್ಯಿತ್ ಹೊತ್ತವರು ಬಂದರೆ ಇನ್ನೊಬ್ಬರಿಗೆ ದಾರಿ ಇಲ್ಲದಷ್ಟು ಸಪೂರ ಹುಣಿ," ಅವನು ತಗ್ಗಿದ ದನಿಯಲ್ಲಿ ಹೇಳಿದ. "ಆ ಕಡೆಯಿಂದ, ತೋಟದ ಮರೆಯಲ್ಲಿ, ಮಯ್ಯಿತ್; ಈ ಕಡೆಯಿಂದ ನೀವು. ಎಡಗಡೆಯ ದಾರಿ ಮುಂದೆ ಸೇರ್ತದೆ ಅಂದುಕೊಂಡೆ. ಅದಕ್ಕೂ ಹಿಂದಿನ ವರ್ಷ ಆ ಪಾಗಾರ ಇರಲಿಲ್ಲ. ನಿಮ್ಮನ್ನು ಕಳಿಸಿ ಹೆಗಲು ಕೊಡಲು ಹೋದೆ. ಉಳಿದವರು ಬರುವಾಗ ಹುಣಿ ಖಾಲಿ, ತಿರುವಿನಲ್ಲಿ ನಾನೂ ಇಲ್ಲ."

"ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದರೆ ಮಯ್ಯಿತ್‌ನಿಂದ ಓಟ ಹಾಳಾಯ್ತು ಅಂತ ಒಬ್ಬ ಮೊಬೈಲಿನಲ್ಲಿ ಹಾಕ್ತಾನೆ, ಓಟದಿಂದ ಮಯ್ಯಿತ್‌ಗೆ ಅಡ್ಡಿ ಆಯ್ತು ಅಂತ ಇನ್ನೊಬ್ಬ. ಸಂಜೆಗೆ ಊರಿಡೀ ಗಲಾಟೆ. ನಮ್ಮ ಊರು ನಿಮಗೆ ಗೊತ್ತಲ್ವಾ?" ಅವನು ನಿಟ್ಟುಸಿರು ಬಿಟ್ಟ. "ಮತ್ತೆ, ಜಾಗ ಬಿಟ್ಟು ಹೋದದ್ದು ನಾನೇ. ಸತ್ತವರ ಹೆಸರಲ್ಲಿ ನನ್ನ ತಪ್ಪು ಮುಚ್ಚಿಕೊಳ್ಳುವುದಾ?"

"ನನ್ನ ಒಬ್ಬಳ ಹತ್ತಿರ ಹೇಳಬಹುದಿತ್ತಲ್ಲ!"

"ಬೊಂಡ ಕುಡಿಯುವಾಗ ಹೇಳಲು ಬಂದೆ..."

ಅವಳೇ ಬಾಯಿ ಮುಚ್ಚಿಸಿದ್ದಳು. ಮಾಜಿದಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಒಂದು ವರ್ಷದ ಸಿಟ್ಟೆಲ್ಲ ಕಣ್ಣೀರಾಗಿ ಹರಿಯಿತು. ಬೀಯಮ್ಮ ಇಬ್ಬರನ್ನೂ ಒಮ್ಮೆ ನೋಡಿ, "ನನಗೆ ಚಾ ಕುಡಿಯಬೇಕು" ಎಂದು ದೀಕ್ಷಿತಾಳ ಕೈ ಹಿಡಿದು ಎಳೆದುಕೊಂಡು ಹೋದರು.

"ನಿಮ್ಮ ಕೊನೆಯ ವರ್ಷವನ್ನು ನಾನು ಹಾಳು ಮಾಡಿದೆ," ಮಾಜಿದಾ ಬಿಕ್ಕಿದಳು.

"ನಿಮ್ಮ ಒಂದು ವರ್ಷ ನಾನು ಹಾಳು ಮಾಡಿದ್ದು. ಇನ್ನು ಸರಿಸಮ."

"ಸರಿಸಮ ಅಲ್ಲ. ನಾನು ಬೇಕೆಂದೇ ಮಾಡಿದ್ದು. ನಿಮ್ಮನ್ನು ದ್ವೇಷ ಮಾಡ್ತೇನೆ ಅಂದುಕೊಂಡು ಇಡೀ ವರ್ಷ ನಿಮ್ಮನ್ನೇ..."

"ನನ್ನನ್ನೇ...?"

"ಗೊತ್ತಿದ್ದೂ ಕೇಳಬೇಡಿ! ದ್ವೇಷ ಮಾಡುವವರು ಫೋನಿಗೆ ಕಾಯ್ತಾರಾ?"

ಇಹ್ಸಾನ್ ಅಜ್ಜಿ ಬಿಟ್ಟುಹೋಗಿದ್ದ ಕೊಡೆ ಎತ್ತಿ, ಬಿಸಿಲು ತಾಗದ ಹಾಗೆ ಅವಳ ಮೇಲೆ ಹಿಡಿದ. ತಾನು ಬಿಸಿಲಲ್ಲೇ ನಿಂತ.

"ಅಜ್ಜಿಯ ಹತ್ತಿರ ಮಾತಾಡ್ಲಾ? ಆಮೇಲೆ ಸೌದಿಗೆ ಫೋನು. ಮದುವೆಯಾದ ಮೇಲೂ ನೀನು ಓಡ್ತೀ ಅಂತ ಮೊದಲೇ ಹೇಳ್ತೇನೆ."

'ನೀನು' ಎಂದನಲ್ಲ! ಮಾಜಿದಾ ಕಣ್ಣು ಒರೆಸಿಕೊಂಡು ನಕ್ಕಳು. ಈ ಸಲ ಅವನು ಕೇಳಿದ್ದ ನಿಜವಾದ ನಗು.

ಚಾ ಅಂಗಡಿ ಯಾವ ಕಡೆ ಎಂದು ಇಬ್ಬರಿಗೂ ಕಾಣುತ್ತಿತ್ತು. ಆದರೂ ಅವನು ಕೇಳಿದ.

"ಯಾವ ಕಡೆಗೆ ಹೋಗುವ? ನೀನೇ ತೋರಿಸು."

"ಮತ್ತೆ ತಪ್ಪು ದಾರಿ ತೋರಿಸಿದರೆ?"

"ಮತ್ತೆ ಹೋಗ್ತೇನೆ. ಕರೆಯಲು ನೀನು ಓಡಿ ಬರ್ತೀಯಲ್ಲ?"